ಬಟ್ಟೆ ಒಣಹಾಕುವ ಹೆಂಗಸರು

ನಮ್ಮ ಊರುಗಳಲ್ಲಿ ಎಲ್ಲಿ ಚಿತ್ರಕಲಾ ಪ್ರದರ್ಶನ ನಡೆದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇದಿನ್ನೂ ಮುಗಿದಿಲ್ಲ ಅನ್ಸುತ್ತೆ." ಬಯಲಲ್ಲಿ ನಾಲ್ಕಾರು ಜನ ನಿಂತಿರುವ, ಕಣ್ಣು ಮೂಗು ಬರೆಯದೆ ಬೀಸುಗೈಯಲ್ಲಿ ಬಣ್ಣ ಹಚ್ಚಿದ ಚಿತ್ರಗಳ ಮುಂದೆ ಈ ಮಾತು ಹೆಚ್ಚು. ಪಕ್ಕದಲ್ಲೇ ಗಾಜಿನಂತೆ ನುಣುಪಾದ, ಸೀರೆಯ ಜರಿಯ ಎಳೆಗಳನ್ನು ಎಣಿಸಬಹುದಾದ ಚಿತ್ರವಿದ್ದರೆ ಜನ ಅದರ ಮುಂದೆ ಗುಂಪುಗೂಡುತ್ತಾರೆ, ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತಾರೆ. ಶ್ರಮ ಕಣ್ಣಿಗೆ ಕಂಡರೆ ಮಾತ್ರ ಅದು ಶ್ರಮ ಎಂಬುದು ನಮ್ಮ ಲೆಕ್ಕ. ಹೆಂಗಸರ ಮನೆಗೆಲಸಕ್ಕೂ ಇದೇ ಲೆಕ್ಕ ತಾನೆ, ಇರಲಿ.

ನಾನು ಕೆಲವು ವರ್ಷಗಳಿಂದ ಈ 'ಮುಗಿಯದ' ಬಗೆಯ ಚಿತ್ರಗಳನ್ನೇ ಬರೆಯಲು ಕಲಿಯುತ್ತಿದ್ದೇನೆ. ಶಾಲೆಗೆ ರಜೆಯಿರುವ ದಿನ ಬೆಳಗ್ಗೆ ನೀರುಬಣ್ಣದ ಡಬ್ಬಿ, ಎರಡು ಬ್ರಶ್ಶು, ಒಂದು ಮಗ್ಗು ನೀರು ಹಿಡಿದು ಹಿತ್ತಿಲಿಗೋ ಮಹಡಿಗೋ ಹೋಗಿ ಕೂರುವುದು. ಕಲಿಸುವವರು ಊರಿನಲ್ಲಿ ಇಲ್ಲವೆಂದಲ್ಲ. ಆದರೆ ನಾನು ಗುರುವೆಂದು ಹಿಡಿದಿರುವುದು ಪುಸ್ತಕದ ಪುಟಗಳಲ್ಲಿ ಸಿಕ್ಕ ಒಬ್ಬ ಫ್ರೆಂಚ್ ಹೆಂಗಸನ್ನು. ಅವಳ ಹೆಸರು ಬರ್ತ್ ಮೊರಿಸೊ. ಹುಟ್ಟಿದ್ದು 1841, ತೀರಿಕೊಂಡದ್ದು 1895. ಮೋನೆ, ರೆನ್ವಾ, ಡೆಗಾ ಎಂಬ ಹೆಸರುಗಳು ನಮ್ಮ ಮಾಸಪತ್ರಿಕೆಗಳಲ್ಲೂ ಬಂದು ಹೋಗಿವೆ. 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನಲ್ಲಿ ಅವರು ಕೂಡಿ ನಡೆಸಿದ ಮೊದಲ ಪ್ರದರ್ಶನದಲ್ಲಿ ಈಕೆಯೂ ಇದ್ದಳು. 1886ರವರೆಗೆ ನಡೆದ ಅಂಥ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಇದ್ದಳು. ತಪ್ಪಿದ್ದು 1879ರದ್ದು ಮಾತ್ರ. ಹಿಂದಿನ ನವೆಂಬರಿನಲ್ಲಿ ಹೆರಿಗೆಯಾಗಿತ್ತು.

ಈಕೆಯ ಸಡಿಲವಾದ ಕೈಯನ್ನು ಹೊಗಳಿದವರೂ ತೆಗಳಿದವರೂ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದರು: ಅದು ಹೆಣ್ಣಿನ ಸಹಜ ಲಾಲಿತ್ಯ ಎಂದು. 1876ರಲ್ಲಿ ಆಲ್ಬರ್ಟ್ ವುಲ್ಫ್ ಎಂಬ ವಿಮರ್ಶಕ ಈ ಗುಂಪನ್ನು ಐದಾರು ಹುಚ್ಚರ ಕೂಟವೆಂದು ಬೈದ, ಅದರಲ್ಲೊಬ್ಬಳು ಹೆಂಗಸು ಎಂದೂ ಸೇರಿಸಿದ. ಅವಳ ಹುಚ್ಚಿನಲ್ಲೂ ಹೆಣ್ಣುತನದ ಸೊಗಸು ಉಳಿದಿದೆ ಎಂಬುದು ಅವನ ಉಪಕಾರದ ಮಾತು. ಮರುವರ್ಷ ಪೌಲ್ ಮಾಂಟ್ಸ್ ಎಂಬಾತ ಇಡೀ ಗುಂಪಿನಲ್ಲಿ ನಿಜವಾದ ಇಂಪ್ರೆಷನಿಸ್ಟ್ ಎಂದರೆ ಈಕೆ ಒಬ್ಬಳೇ ಎಂದು ಬರೆದ. ಇದು ಹೊಗಳಿಕೆಯೇ ಸರಿ, ಆದರೂ ಅದರಲ್ಲಿ ಹಕ್ಕಿ ಹಾಡಿತು, ಹೂವು ಅರಳಿತು ಎನ್ನುವ ಧಾಟಿಯಿದೆ. ಬ್ರಶ್ಶು ಹಿಡಿದು ಕುಳಿತು ನೋಡಿದವರಿಗೆ ಗೊತ್ತು, ಇದು ಸಹಜವಾಗಿ ಬರುವ ವಿದ್ಯೆಯಲ್ಲ. ಸಹಜವಾಗಿ ಬರುವುದು ಜರಿಯ ಎಳೆ ಎಣಿಸುವುದೇ. ಬಿಡುವುದನ್ನು ಕಲಿಯಬೇಕು. ಮೊರಿಸೊ ಅದನ್ನು ಹೇಗೆ ಕಲಿತಳು ಎಂಬುದು ಅವಳ ಚಿತ್ರಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಬಯಲಲ್ಲಿ ಮನುಷ್ಯರನ್ನು ಬರೆಯುವುದು ಮರಗಿಡ ಬರೆದಷ್ಟು ಸುಲಭವಲ್ಲ. ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವುಗಳೆದುರೇ ನಿಂತು ಬರೆದರು, ಎಂಥ ಬಣ್ಣ ಅದು! ಆದರೆ ಗುಲ್‌ಮೊಹರ್ ಇಂದು ಕಂಡಲ್ಲೇ ನಾಳೆಯೂ ಇರುತ್ತದೆ. ಬಿಂದಿಗೆ ಹೊತ್ತ ಹೆಂಗಸು ಇರುವುದಿಲ್ಲ. ಇನ್ನೊಂದು ಮಾತು. ಗಂಡಸು ರಸ್ತೆಬದಿಯಲ್ಲಿ ಈಸೆಲ್ ನಿಲ್ಲಿಸಿದರೆ ನಾಲ್ಕು ಜನ ನೋಡಿ ಮುಂದೆ ಹೋಗುತ್ತಾರೆ. ಹೆಂಗಸು ನಿಲ್ಲಿಸಿದರೆ ಆಕೆಯೇ ಪ್ರದರ್ಶನವಾಗಿಬಿಡುತ್ತಾಳೆ. ನೂರೈವತ್ತು ವರ್ಷದ ಹಿಂದೆಯೂ ಇದೇ ಪಾಡು. ಈಸೆಲ್ ಇಟ್ಟ ಕೂಡಲೇ ಹುಡುಗ ಹುಡುಗಿಯರ ಹಿಂಡು ಸುತ್ತುವರಿದು ಗಲಾಟೆ ಮಾಡಿತೆಂದು, ಹೊಲದ ಯಜಮಾನ ಬಂದು ಕೇಳದೆ ಕೂತದ್ದೇಕೆಂದು ಗದರಿದನೆಂದು ಮೊರಿಸೊ ಪತ್ರದಲ್ಲಿ ಬರೆದಿದ್ದಾಳೆ. 1875ರಲ್ಲಿ ಗಂಡನೊಡನೆ ಇಂಗ್ಲೆಂಡಿನ ವೈಟ್ ದ್ವೀಪಕ್ಕೆ ಹೋದಾಗ ಇನ್ನಷ್ಟು ಗೋಳು: ಗಾಳಿ, ಬಿಸಿಲು, ನಿಮಿಷಕ್ಕೊಮ್ಮೆ ಜಾಗ ಬದಲಿಸುವ ದೋಣಿಗಳು. ಗಂಡ ಯೂಜೆನ್ ಮಾನೆಯನ್ನು ಕೂರಿಸಿಕೊಂಡರೆ ಆತನಿಗೆ ಸ್ವಲ್ಪ ಹೊತ್ತಿಗೇ ಬೇಸರ. ಕೊನೆಗೆ ಆ ದ್ವೀಪದ ಒಳ್ಳೆಯ ಚಿತ್ರ ಮೂಡಿದ್ದು ಮನೆಯೊಳಗಿನಿಂದ. ಗಂಡ ಕಿಟಕಿಯ ಬಳಿ ಕುರ್ಚಿಯಲ್ಲಿ ಓರೆಯಾಗಿ ಕೂತು ಹೊರಗೆ ನೋಡುತ್ತಿದ್ದಾನೆ. ಆಚೆ ಕೈತೋಟ, ಬೇಲಿ, ಬೇಲಿಯಾಚೆ ಒಬ್ಬ ಹೆಂಗಸು, ಒಂದು ಮಗು, ದೋಣಿಗಳು. ಹೊರಗೆ ನಿಲ್ಲಲಾಗದವಳು ಹೊರಗನ್ನು ಕಿಟಕಿಯ ಚೌಕಟ್ಟಿನಲ್ಲಿ ಹಿಡಿದಳು.

ಅವಳ ಶಿಕ್ಷಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಗೆ 1897ರವರೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನಮ್ಮ ಅಮೃತಾ ಶೇರ್‌ಗಿಲ್ 1930ರ ದಶಕದ ಆರಂಭದಲ್ಲಿ ಅಲ್ಲಿ ಓದಲು ಸಾಧ್ಯವಾದದ್ದು ಆ ಬಾಗಿಲು ತೆರೆದ ಮೇಲೆ. ಮೊರಿಸೊ ಮತ್ತು ಅಕ್ಕ ಎಡ್ಮಾ ಮನೆಪಾಠದಲ್ಲಿ ಕಲಿತರು. ಗಿಶಾರ್ ಎಂಬ ಮೇಷ್ಟ್ರು ಅವರ ತಾಯಿಯನ್ನು ಎಚ್ಚರಿಸಿದನಂತೆ: ಈ ಹುಡುಗಿಯರು ಹವ್ಯಾಸಕ್ಕೆ ನಿಲ್ಲುವವರಲ್ಲ, ನಿಜವಾದ ಚಿತ್ರಕಾರರೇ ಆಗಿಬಿಡುತ್ತಾರೆ, ನಿಮ್ಮಂಥ ಮನೆತನಕ್ಕೆ ಅದು ಅನಾಹುತ ಎಂದು. ಆಮೇಲೆ ಹಿರಿಯ ಕಲಾವಿದ ಕೊರೋ ಬಳಿ ಬಯಲುಚಿತ್ರದ ಪಾಠ. ಕೊರೋನಿಂದ ಅವಳಿಗೆ ದಕ್ಕಿದ ದೊಡ್ಡ ವಿದ್ಯೆಯೆಂದರೆ ಬಣ್ಣಕ್ಕಿಂತ ಮೊದಲು ಬೆಳಕು ಕತ್ತಲೆಯ ಪ್ರಮಾಣ ನೋಡುವುದು. ಯಾವುದು ಎಲ್ಲಕ್ಕಿಂತ ಬೆಳ್ಳಗಿದೆ, ಯಾವುದು ಎಲ್ಲಕ್ಕಿಂತ ಕಪ್ಪಗಿದೆ, ಉಳಿದದ್ದು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಇದು ಯಾರಿಗೂ ಕಾಣುತ್ತದೆ. ಸೀರೆಯ ಹೂವೂ ಮುಖದ ಮೂಗೂ ಮಾಯವಾಗಿ ನಾಲ್ಕೈದು ತೇಪೆಗಳಷ್ಟೇ ಉಳಿಯುತ್ತವೆ. ಆ ತೇಪೆಗಳು ಸರಿಯಾದ ಜಾಗದಲ್ಲಿ ಸರಿಯಾದ ಪ್ರಮಾಣದಲ್ಲಿ ಕೂತರೆ ಮೇಲಿನ ಕುಂಚ ಎಷ್ಟು ಸಡಿಲವಾದರೂ ಮನುಷ್ಯ ನಿಲ್ಲುತ್ತಾನೆ. ಕೂರದಿದ್ದರೆ ಜರಿ ಬರೆದೂ ಪ್ರಯೋಜನವಿಲ್ಲ. ನಲವತ್ತು ವರ್ಷ ರಂಗೋಲಿ ಇಟ್ಟ ಕೈ ಚುಕ್ಕಿಯಿಲ್ಲದೆ ಎಳೆ ಎಳೆಯುತ್ತದೆ. ಆದರೆ ಆ ಚುಕ್ಕಿಗಳು ಎಲ್ಲಿಯೂ ಹೋಗಿಲ್ಲ, ಕಣ್ಣಿನೊಳಗೆ ಇವೆ.

1869ರ 'ಲೋರಿಯಾಂ ಬಂದರು' ಎಂಬ ಚಿತ್ರದಲ್ಲಿ ಈ ವಿದ್ಯೆ ಗಟ್ಟಿಯಾಗಿರುವುದು ಕಾಣುತ್ತದೆ. ಬಹುಪಾಲು ನೀರು ಮತ್ತು ಆಕಾಶ. ಬಲಗಡೆಯ ಕಲ್ಲುಕಟ್ಟೆಯ ಮೇಲೆ ಬೆಳ್ಳನೆಯ ಉಡುಪಿನ ಒಬ್ಬಳು ಕೊಡೆ ಹಿಡಿದು ಕುಳಿತಿದ್ದಾಳೆ. ಮುಖವೆಂದರೆ ಒಂದು ತಿಳಿ ಮಚ್ಚೆ. ಆದರೂ ಅವಳು ಸುಮ್ಮನೆ ಕುಳಿತಿಲ್ಲ, ಯಾವುದೋ ಯೋಚನೆಯಲ್ಲಿ ಕುಳಿತಿದ್ದಾಳೆಂದು ಕತ್ತು ಬಾಗಿದ ರೀತಿ ಹೇಳುತ್ತದೆ. ಅವಳೇ ಎಡ್ಮಾ. ಆ ವರ್ಷ ನೌಕಾಪಡೆಯ ಅಧಿಕಾರಿಯನ್ನು ಮದುವೆಯಾಗಿ ಆ ಊರಿಗೆ ಬಂದವಳು, ಚಿತ್ರ ಬರೆಯುವುದನ್ನು ಬಿಟ್ಟವಳು. ತಂಗಿ ಅವಳನ್ನು ಹೊಳೆಹೊಳೆಯುವ ನೀರಿನ ಒಂದು ಅಂಚಿಗೆ ಸರಿಸಿ ಕೂರಿಸಿದ್ದಾಳೆ.

ಮರುವರ್ಷ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ತಾಯಿ ಮತ್ತು ಎಡ್ಮಾ ಕೂತಿರುವ ಚಿತ್ರವನ್ನು ಮೊರಿಸೊ 1870ರ ಸರ್ಕಾರಿ ಪ್ರದರ್ಶನಕ್ಕೆ ಸಿದ್ಧಪಡಿಸಿದ್ದಳು. ಎಡ್ವಾರ್ ಮಾನೆ, ಮುಂದೆ ಅವಳ ಭಾವನಾದವನು, ನೋಡಲು ಬಂದ. ಚೆನ್ನಾಗಿದೆ, ಕೆಳಗಿನ ಸೆರಗು ಮಾತ್ರ ಸ್ವಲ್ಪ ತಿದ್ದಬೇಕು ಎಂದು ಬ್ರಶ್ಶು ತೆಗೆದುಕೊಂಡ. ಲಂಗದಿಂದ ಕುಪ್ಪಸಕ್ಕೆ, ಕುಪ್ಪಸದಿಂದ ತಲೆಗೆ ಹೋದ. ತಾಯಿಯ ಆಕೃತಿಯೇ ಅವನದಾಯಿತು. ಅಷ್ಟರಲ್ಲಿ ಚಿತ್ರ ಒಯ್ಯುವ ಗಾಡಿ ಬಾಗಿಲಿಗೆ ಬಂತು. ಅದು ತಿರಸ್ಕೃತವಾದರೆ ಸಾಕು ಎಂದು ಅವಳು ಬಯಸಿದಳು, ಸ್ವೀಕೃತವಾಯಿತು. ಚಿತ್ರ ಇಂದೂ ಇದೆ. ತಾಯಿಯ ಕಪ್ಪು ಉಡುಪಿನ ದಪ್ಪ ಬಣ್ಣ ಒಂದು ಕೈ, ಎಡ್ಮಾಳ ಬಿಳಿ ಉಡುಪಿನ ತೆಳು ಬಣ್ಣ ಇನ್ನೊಂದು ಕೈ ಎಂದು ಮುದ್ರಣದಲ್ಲೂ ಗೊತ್ತಾಗುತ್ತದೆ. ಪ್ರೀತಿಯಿಂದ ತಿದ್ದುವ ಗಂಡಸರು ಎಲ್ಲ ಕಾಲದಲ್ಲೂ ಇದ್ದಾರೆ!

ಇನ್ನು ನಾನು ಅತಿ ಹೆಚ್ಚು ಹೊತ್ತು ಮುಂದಿಟ್ಟುಕೊಂಡು ಕೂತಿರುವ ಚಿತ್ರ: 1875ರ 'ಒಗೆದ ಬಟ್ಟೆ ಒಣಹಾಕುವುದು'. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪುಸ್ತಕದ ಮುದ್ರಣಗಳು ಹೇಳದ ಸಂಗತಿ ಅದರ ಅಳತೆ. ಎತ್ತರ 33 ಸೆಂಟಿಮೀಟರ್, ಅಗಲ ಸುಮಾರು 40. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು. ಬೇಲಿ ಹಾಕಿದ ಬಯಲಲ್ಲಿ ಹಗ್ಗಗಳು, ಹಗ್ಗದ ತುಂಬ ಬಟ್ಟೆ, ನಡುವೆ ಹೆಂಗಸರು, ಹಿಂದೆ ಮನೆಗಳು, ಮೇಲೆ ದೊಡ್ಡ ಆಕಾಶ. ಪ್ಯಾರಿಸ್ಸಿನ ಕೊಳೆಬಟ್ಟೆ ಸುತ್ತಲಿನ ಊರುಗಳಿಗೆ ಹೋಗಿ ಬೆಳ್ಳಗಾಗಿ ಬರುತ್ತಿದ್ದ ಕಾಲ ಅದು. ಒಂದೊಂದು ಬಟ್ಟೆಗೂ ಒಂದು ಬೀಸು, ಹೆಚ್ಚೆಂದರೆ ಎರಡು. ಹೆಂಗಸರಿಗೂ ಅಷ್ಟೆ. ಆದರೆ ಬೆಳಕಿಗೆ ಎದುರಾದ ಬಟ್ಟೆಯ ಬಿಳುಪು ಬೇರೆ, ನೆರಳಿಗೆ ತಿರುಗಿದ್ದರ ಬಿಳುಪು ಬೇರೆ. ನೆರಳಿನ ಬಿಳುಪಿನಲ್ಲಿ ಆಕಾಶದ ನೀಲಿ ಇದೆ, ಹುಲ್ಲಿನ ಹಸಿರು ಇದೆ. ಬಿಳಿ ಎಂಬ ಒಂದೇ ಬಣ್ಣ ಇಲ್ಲವೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹಾಗೆ ನೋಡಿದರೆ ಹಗ್ಗದ ಮೇಲಿನ ಬಟ್ಟೆಯನ್ನು ದಿನವೂ ನೋಡುವವರು ನಾವಲ್ಲದೆ ಇನ್ನಾರು?

ಆದರೆ ಪ್ಯಾರಿಸ್ಸಿನ ಬೆಳಕನ್ನು ಇಲ್ಲಿಗೆ ತಂದು ಹಚ್ಚಿದರೆ ನಡೆಯುವುದಿಲ್ಲ. ಅಲ್ಲಿ ಸೂರ್ಯ ಓರೆಯಾಗಿ ನಡೆಯುತ್ತಾನೆ, ನೆರಳು ಉದ್ದ, ಮೆತ್ತಗೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ನೆತ್ತಿಯ ಮೇಲೆ ನಿಂತು, ಕಣ್ಣುಗುಳಿ, ಗಲ್ಲದ ಕೆಳಗು ಎಲ್ಲವನ್ನೂ ಕಪ್ಪು ಮಾಡುತ್ತಾನೆ. ಇಂಪ್ರೆಷನಿಸ್ಟ್ ಎಂದರೆ ನೇರಳೆ ನೆರಳು ಎಂದು ಬಾಯಿಪಾಠ ಮಾಡಿಕೊಂಡವರು ಚಿತ್ರದುರ್ಗದ ಬಂಡೆಗೂ ಅದೇ ಮಂಜಿನ ನೇರಳೆ ಬಳಿಯುವುದನ್ನು ನೋಡಿದ್ದೇನೆ, ಅದು ಕಂಡದ್ದಲ್ಲ, ಓದಿದ್ದು. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಕೂತರೆ ನಮ್ಮ ಬೆಳಕೂ ಹದಕ್ಕೆ ಬರುತ್ತದೆ. ನೀರುಬಣ್ಣದಲ್ಲಿ ಇನ್ನೊಂದು ಅನುಕೂಲವಿದೆ: ಬಿಸಿಲಿನ ಬಿಳಿ ಪಂಚೆಗೆ ಬಣ್ಣವೇ ಬೇಡ, ಕಾಗದವನ್ನು ಹಾಗೇ ಬಿಟ್ಟು ಸುತ್ತಲಿನ ಹಸಿರು ಬಳಿದರೆ ಪಂಚೆ ತಾನಾಗಿ ಹೊಮ್ಮುತ್ತದೆ. ಮನುಷ್ಯರನ್ನೂ ಹೀಗೆ ಹಿನ್ನೆಲೆಯಿಂದ ಕೊರೆದು ತೆಗೆಯಬಹುದು. ಕಲಿಯುವವರು ತಲೆಯನ್ನು ಯಾವಾಗಲೂ ದೊಡ್ಡದು ಮಾಡುತ್ತಾರೆ, ನೋಡುವಾಗ ಮುಖಕ್ಕೇ ಹೆಚ್ಚು ಮರ್ಯಾದೆ ಕೊಟ್ಟು ಅಭ್ಯಾಸವಲ್ಲವೆ? ತಲೆಯನ್ನು ಅನಿಸಿದ್ದಕ್ಕಿಂತ ಚಿಕ್ಕದು ಬರೆಯಿರಿ, ಸರಿಹೋಗುತ್ತದೆ. ಸಮನೆಲದಲ್ಲಿ ನಿಂತು ಬರೆಯುವಾಗ ನಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಎಷ್ಟು ದೂರವಿದ್ದರೂ, ದಿಗಂತದ ಒಂದೇ ಗೆರೆಯಲ್ಲಿ ಬರುತ್ತವೆ ಎಂಬುದೂ ತಿಳಿದಿರಬೇಕು. ಇದು ಗೊತ್ತಿಲ್ಲದೆ ಬರೆದ ಜಾತ್ರೆಯ ಚಿತ್ರಗಳಲ್ಲಿ ಅರ್ಧ ಜನ ಗಾಳಿಯಲ್ಲಿ ತೇಲುತ್ತಿರುತ್ತಾರೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ಫೋಟೋ ತೆಗೆದು ಮನೆಗೆ ಬಂದು ನಿಧಾನವಾಗಿ ಬರೆಯಬಾರದೇಕೆ ಎಂದು ನನ್ನ ವಿದ್ಯಾರ್ಥಿನಿಯರು ಕೇಳುತ್ತಾರೆ. ಬರೆಯಬಹುದು. ಆದರೆ ಫೋಟೋ ಎಲ್ಲವನ್ನೂ ಒಂದೇ ಚೂಪಿನಲ್ಲಿ ಕೊಡುತ್ತದೆ, ಬಿಡುವ ಕೆಲಸ ಮಾಡುವುದಿಲ್ಲ. ಹೆಂಗಸು ಎರಡು ನಿಮಿಷದಲ್ಲಿ ಬಕೆಟ್ ಎತ್ತಿಕೊಂಡು ಹೊರಟುಹೋಗುತ್ತಾಳೆಂಬ ಆತುರವಿದ್ದಾಗ ಮಾತ್ರ ಕೈಗೆ ಆಯ್ಕೆ ಬರುತ್ತದೆ. ಮೊರಿಸೊಳ ಸಡಿಲತನದ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ.

1881ರ ಬೇಸಿಗೆಯಲ್ಲಿ ಬೂಜಿವಾಲ್ ಎಂಬ ಊರಲ್ಲಿ ಅವಳು ಮತ್ತೆ ಬಟ್ಟೆ ಒಣಹಾಕುವ ಹೆಂಗಸನ್ನು ಬರೆದಳು. ಅದು ಈಗ ಕೋಪನ್‌ಹೇಗನ್ನಿನಲ್ಲಿದೆ. ಆರು ವರ್ಷದಲ್ಲಿ ಕೈ ಎಷ್ಟು ಬದಲಾಗಿದೆ! ಈಗ ಹೆಂಗಸು ಹತ್ತಿರ ಬಂದಿದ್ದಾಳೆ, ಆದರೆ ಅವಳೂ ಬಟ್ಟೆಯೂ ಹಿಂದಿನ ಗಿಡವೂ ಒಂದೇ ಬಗೆಯ ಅಡ್ಡಾದಿಡ್ಡಿ ಬೀಸಿನಲ್ಲಿ ಮೂಡಿವೆ. ಎಲ್ಲಿ ತೋಳು ಮುಗಿದು ಎಲೆ ಶುರುವಾಯಿತೆಂದು ಕಣ್ಣು ಹುಡುಕಬೇಕು. ಚಿತ್ರವಾಗಿ ಇದು ಹಿಂದಿನದಕ್ಕಿಂತ ದೊಡ್ಡದು, ಪಾಠವಾಗಿ ಅಪಾಯದ್ದು. ಇದನ್ನೇ ನೋಡಿ ಕಲಿಯಲು ಹೊರಟವರಿಗೆ ಬೀಸು ಮಾತ್ರ ಸಿಕ್ಕುತ್ತದೆ. ಅವಳಲ್ಲೂ ಇದು ಎಲ್ಲ ಕಡೆ ಗೆದ್ದಿಲ್ಲ. 1879ರ 'ಬೇಸಿಗೆಯ ದಿನ'ವನ್ನು, ದೋಣಿಯಲ್ಲಿ ಕೂತ ಇಬ್ಬರು ಹೆಂಗಸರ ಆ ಪ್ರಸಿದ್ಧ ಚಿತ್ರವನ್ನು, ಎಲ್ಲರೂ ಮೆಚ್ಚುತ್ತಾರೆ. ನೀರಿನ ಬೀಸುಗಳು ಜೀವಂತ, ನಿಜ. ಆದರೆ ಅದೇ ಬೀಸು ಉಡುಪಿಗೂ ಹತ್ತಿ ಹೆಂಗಸರು ನನಗೆ ಸ್ವಲ್ಪ ಹಗುರವಾಗಿ ಕಾಣುತ್ತಾರೆ. ಲೋರಿಯಾಂನ ಎಡ್ಮಾಳಿಗಿದ್ದ ತೂಕ ಅವರಿಗಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆ ಹಿತ್ತಿಲಲ್ಲಿ ಬಟ್ಟೆ ಹರವುವುದನ್ನು, ಅವಳನ್ನು ಕೇಳಿಕೊಂಡೇ, ನಾನು ಹಲವು ಸಲ ಬರೆದಿದ್ದೇನೆ. ಒಂದು ದಿನ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ಸೀರೆಯ ಕೆಂಪು ಅವಳದೇ, ಎತ್ತಿ ಸಿಕ್ಕಿಸಿದ ನೆರಿಗೆ ಅವಳದೇ, ಸೊಂಟಕ್ಕೆ ಕೈಕೊಟ್ಟು ನಿಂತ ಬಗೆ ಅವಳದೇ.

"ಚೆಂದಾಗೈತೆ ಟೀಚರಮ್ಮ. ಮುಖ ಯಾಕೆ ಬರ್ದಿಲ್ಲ?"

"ದೂರದಿಂದ ನೋಡಿದ್ರೆ ಮುಖ ಕಾಣಲ್ವಲ್ಲಮ್ಮ."

"ದೂರ ಎಲ್ಲೈತೆ, ಇಲ್ಲೇ ಇವ್ನಲ್ಲ."

ಅವಳು ನಕ್ಕು ಒಳಗೆ ಹೋದಳು. ಆ ಪ್ರಶ್ನೆ ಹಿಡಿದುಕೊಂಡು ನಾನು ಮೊರಿಸೊಳ ಚಿತ್ರಗಳನ್ನೆಲ್ಲ ಮತ್ತೆ ನೋಡಿದೆ. ಎಡ್ಮಾಳ ಮುಖವನ್ನೂ ಅವಳು ಬಿಟ್ಟಿದ್ದಾಳೆ, ಗಂಡನದನ್ನೂ ಎಷ್ಟೋ ಕಡೆ ಬಿಟ್ಟಿದ್ದಾಳೆ. ಹಾಗಾಗಿ ಬಡವರ ಮುಖ ಮಾತ್ರ ಅಳಿಸಿದಳು ಎನ್ನುವುದು ಅನ್ಯಾಯ. ಆದರೆ ಎಡ್ಮಾ ತೊಟ್ಟಿಲ ಬಳಿ ಕೂತ 1872ರ ಚಿತ್ರದಲ್ಲಿ ಅವಳ ಕಣ್ಣು, ಕೆನ್ನೆ, ಕೈಬೆರಳು ಎಲ್ಲ ಇವೆ. ಬಯಲಲ್ಲಿ ಮಚ್ಚೆಯಾದವಳಿಗೆ ಮನೆಯೊಳಗೆ ಮುಖ ಸಿಕ್ಕಿತು. ಬಟ್ಟೆ ಒಗೆಯುವವರಿಗೆ ಹಾಗೆ ಸಿಕ್ಕಲಿಲ್ಲ. ಆಮೇಲಿನ ಭಾನುವಾರ ಪೆನ್ಸಿಲ್ ಹಿಡಿದು ನಮ್ಮಾಕೆಯ ಮುಖವನ್ನು ಒಂದು ಗಂಟೆ ಕೂತು ಬರೆದು ಅವಳಿಗೇ ಕೊಟ್ಟೆ. ಮೂಗುತಿ ಎಡಕ್ಕೆ ಇರಬೇಕೆಂದು ಅವಳೇ ಜ್ಞಾಪಿಸಿದಳು.

ಈ ಪ್ರಶ್ನೆಗೆ ಮೊರಿಸೊ ಅತಿ ಹತ್ತಿರ ಬಂದದ್ದು 1880ರ ಒಂದು ಚಿತ್ರದಲ್ಲಿ. ಆಂಜೆಲ್ ಎಂಬ ದಾದಿ ತೋಟದಲ್ಲಿ ಕೂತು ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಮಗು ಮೊರಿಸೊಳದು, ಜೂಲಿ. ಮೊದಲ ನೋಟಕ್ಕೆ ತಾಯಿ ಮಗುವಿನ ಚಿತ್ರವೆಂದೇ ಅನಿಸುತ್ತದೆ. ಆದರೆ ತಾಯಿ ಚಿತ್ರದೊಳಗೆ ಇಲ್ಲ, ಎದುರಿಗೆ ಬ್ರಶ್ಶು ಹಿಡಿದು ಕೂತಿದ್ದಾಳೆ. ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ ಈ ಚಿತ್ರದ ಮೇಲೆ 1980ರ ದಶಕದಲ್ಲಿ ಒಂದು ಪ್ರಬಂಧವನ್ನೇ ಬರೆದರು. ಇದು ಮಮತೆಯ ಚಿತ್ರವಲ್ಲ, ಎದುರುಬದುರಾಗಿ ದುಡಿಯುತ್ತಿರುವ ಇಬ್ಬರು ಹೆಂಗಸರ ಚಿತ್ರ ಎಂಬುದು ಅವರ ವಾದ. ಒಬ್ಬಳು ಸಂಬಳಕ್ಕೆ ಹಾಲು ಕೊಡುತ್ತಿದ್ದಾಳೆ, ಇನ್ನೊಬ್ಬಳು ಮಾರುವುದಕ್ಕೆ ಚಿತ್ರ ಬರೆಯುತ್ತಿದ್ದಾಳೆ, ನಡುವೆ ಮಗು.

ಅವರ ವಾದ ನನಗೆ ಒಪ್ಪಿಗೆ. ಹೆರಿಗೆ ರಜೆ ಮುಗಿಸಿ ಶಾಲೆಗೆ ಹೊರಟ ಯಾವ ಟೀಚರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ, ಅವಳು ತನ್ನ ಮಗುವನ್ನು ಯಾರ ಮಡಿಲಲ್ಲಿ ಬಿಟ್ಟು ಬಂದಳೆಂದು ಕೇಳಲು ಪುರುಸೊತ್ತಿಲ್ಲದೆ, ನಾವು ಬಸ್ಸಿಗೆ ಓಡಿದ್ದೇವೆ. ಆದರೆ ನಾಕ್ಲಿನ್ ಹೇಳಿದ್ದಕ್ಕೆ ಬ್ರಶ್ಶು ಹಿಡಿದವಳಾಗಿ ಒಂದು ಮಾತು ಸೇರಿಸಬೇಕು. ಅಲ್ಲಿಯವರೆಗಿನ ಅವಳ ಕೆಲಸದಲ್ಲಿ ಇಷ್ಟು ಸಡಿಲವಾದ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ದಾದಿಯ ಬಿಳಿ ಉಡುಪು, ಮಗುವಿನ ತಿಳಿಗೆಂಪು, ಹುಲ್ಲು, ಎಲ್ಲ ಒಂದರೊಳಗೊಂದು ಹರಿದಿವೆ. ದಾದಿಯ ಮುಖ ನಾಲ್ಕು ಬೀಸು. ಮಗುವಿಗೂ ಅದಕ್ಕಿಂತ ಹೆಚ್ಚಿಲ್ಲ. ತನ್ನ ಸ್ವಂತ ಮಗುವಿನ ಮುಖವನ್ನು ಬರೆದು ದಾದಿಯದನ್ನು ಬಿಟ್ಟಿದ್ದರೆ ಅದೊಂದು ಮಾತಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಮಗು ಹಾಲು ಕುಡಿದು ಮುಗಿಸುವಷ್ಟೇ ಹೊತ್ತು ಅವಳಿಗೂ ಇತ್ತು ಎಂಬಂತೆ ಕುಂಚ ಓಡಿದೆ. ಇದನ್ನು ಹೆಣ್ಣಿನ ಲಾಲಿತ್ಯ ಎಂದು ಕರೆಯುವವರು ಗಡಿಯಾರ ನೋಡಿಕೊಂಡು ಕೆಲಸ ಮಾಡಿದವರಿರಲಾರರು. 'ಬೇಸಿಗೆಯ ದಿನ'ಕ್ಕಿಂತ ನಾನು ಇದನ್ನು ಮೇಲಿಡುತ್ತೇನೆ.

1895ರ ಮಾರ್ಚ್ 2ರಂದು, ಕಾಯಿಲೆ ಬಿದ್ದ ಜೂಲಿಯ ಆರೈಕೆ ಮಾಡುತ್ತ ತಾನೇ ಜ್ವರ ಹಿಡಿಸಿಕೊಂಡು ಮೊರಿಸೊ ತೀರಿಕೊಂಡಳು. ಐವತ್ತನಾಲ್ಕು ವರ್ಷ. ಮರಣಪತ್ರದಲ್ಲಿ 'ಉದ್ಯೋಗವಿಲ್ಲ' ಎಂದು ಬರೆದರು, ಗೋರಿಯ ಕಲ್ಲಿನ ಮೇಲೆ ಯೂಜೆನ್ ಮಾನೆಯ ವಿಧವೆ ಎಂದು ಕೆತ್ತಿದರು. ಮಕ್ಕಳಿಗೆ ಹಾಲೂಡಿಸುವ ದಾದಿಯರಿಗೆ ಸರ್ಕಾರದ ಪ್ರಮಾಣಪತ್ರ ಇರಲೇಬೇಕೆಂದು ಫ್ರಾನ್ಸಿನಲ್ಲಿ 1874ರ ಡಿಸೆಂಬರಿನಲ್ಲೇ ಕಾನೂನಾಗಿತ್ತು. ತೋಟದಲ್ಲಿ ಎದುರುಬದುರು ಕೂತ ಆ ಇಬ್ಬರಲ್ಲಿ ಸರ್ಕಾರದ ಕಾಗದದಲ್ಲಿ ಉದ್ಯೋಗವಿದ್ದದ್ದು ಆಂಜೆಲ್‌ಗೆ.